ಇಳಿವಯಸ್ಸಿನಲ್ಲಿ ಮನೆಗೊಬ್ಬರು ಜೊತೆ: ಯಾರಿದ್ದರೆ ಒಳ್ಳೆಯದು?

ನನ್ನ ಚಿಕ್ಕಮ್ಮ ಬಚ್ಚಲಲ್ಲಿ ಜಾರಿ ಬಿದ್ದಾಗ ಅವರಿಗೆ 74 ವರ್ಷ. ಮೂಳೆ ಮುರಿದಿರಲಿಲ್ಲ. ಆದರೆ ಏಳಲು ಆಗದೆ ಮೂರು ಗಂಟೆ ನೆಲದ ಮೇಲೇ ಇದ್ದರು. ಮರುದಿನದಿಂದ ನಾವೆಲ್ಲ ಒಂದೇ ಮಾತು ಹಿಡಿದೆವು: "ಇನ್ನು ಜೊತೆಗೊಬ್ಬರು ಇರಲೇಬೇಕು." ಯಾರು, ಯಾತಕ್ಕೆ, ಯಾವ ಮಾತಿನ ಮೇಲೆ ಅಂತ ಯಾರೂ ಕೇಳಲಿಲ್ಲ. ಚಿಕ್ಕಮ್ಮನನ್ನೂ ಕೇಳಲಿಲ್ಲ. ಮೊದಲು ಬಂದ ಹುಡುಗಿ ನಾಲ್ಕು ತಿಂಗಳಿಗೆ ಹೊರಟುಹೋದಳು. ಆಮೇಲೆ ಬಂದವರು ಐದು ವರ್ಷದಿಂದ ಜೊತೆಗಿದ್ದಾರೆ.

ಇಬ್ಬರೂ ಒಳ್ಳೆಯವರೇ. ವ್ಯತ್ಯಾಸ ಇದ್ದದ್ದು ನಾವು ಮಾಡಿಕೊಂಡ ಏರ್ಪಾಡಿನಲ್ಲಿ. ಅದಕ್ಕೇ ಈ ಹೋಲಿಕೆಯನ್ನು ವಿವರವಾಗಿ ಬರೆಯುತ್ತಿದ್ದೇನೆ. ನೀವು ನಿಮಗಾಗಿ ಯೋಚಿಸುತ್ತಿರಬಹುದು, ಇಲ್ಲವೇ ಅಪ್ಪ-ಅಮ್ಮನಿಗಾಗಿ. ಎರಡನೆಯದಾದರೆ ದಯವಿಟ್ಟು ಅವರ ಪಕ್ಕದಲ್ಲೇ ಕೂತು ಓದಿ.

ಮೊದಲು: ಜೊತೆ ಯಾತಕ್ಕೆ ಬೇಕು?

"ಜೊತೆ" ಅನ್ನುವ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ಅಗತ್ಯಗಳಿವೆ. ಒಂದು, ಮನೆಯಲ್ಲಿ ಇನ್ನೊಂದು ಜೀವ ಇರುವುದು. ನಾಲ್ಕು ಮಾತಿಗೆ, ರಾತ್ರಿಯ ಧೈರ್ಯಕ್ಕೆ, ಕೂಗಿದರೆ ಓಗೊಡುವುದಕ್ಕೆ. ಎರಡು, ಕೈಕೆಲಸ. ಭಾರ ಎತ್ತುವುದು, ಸ್ಟೂಲ್ ಹತ್ತಿ ಬಲ್ಬ್ ಬದಲಿಸುವುದು, ಫೋನಿನಲ್ಲಿ ಬಿಲ್ ಕಟ್ಟುವುದು. ಮೂರು, ಮೈಯ ಆರೈಕೆ. ಸ್ನಾನ ಮಾಡಿಸುವುದು, ಎಬ್ಬಿಸಿ ಕೂರಿಸುವುದು, ಶೌಚಕ್ಕೆ ಕರೆದೊಯ್ಯುವುದು.

ಮನೆ ಹಂಚಿಕೊಳ್ಳುವವರು ಮೊದಲನೆಯದಕ್ಕೆ ಪೂರ್ತಿ ಒದಗುತ್ತಾರೆ. ಎರಡನೆಯದಕ್ಕೆ ಸ್ವಲ್ಪ. ಮೂರನೆಯದಕ್ಕೆ ಒದಗಬಾರದು. ಹೆಚ್ಚಿನ ಮನೆಗಳಲ್ಲಿ ಈ ಏರ್ಪಾಡು ಮುರಿಯುವುದು ಮೂರನ್ನೂ ಒಬ್ಬರ ತಲೆಗೇ ಕಟ್ಟುವುದರಿಂದ.

ನಿಮಗೆ ಬೇಕಾದದ್ದು ಯಾವುದು ಅಂತ ತಿಳಿಯಲು ವೈದ್ಯರು ಇವತ್ತಿಗೂ ಬಳಸುವ ಎರಡು ಹಳೆಯ ಪಟ್ಟಿಗಳಿವೆ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಅವರ ತಂಡ 1963ರಲ್ಲಿ ಕೊಟ್ಟ ಪಟ್ಟಿಯಲ್ಲಿ ಆರು ಸಂಗತಿಗಳಿವೆ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗಿಬರುವುದು, ಹಾಸಿಗೆ ಅಥವಾ ಕುರ್ಚಿಯಿಂದ ಏಳುವುದು, ಮಲಮೂತ್ರದ ಮೇಲೆ ಹಿಡಿತ, ಕೈಯಾರೆ ಊಟ ಮಾಡುವುದು. 1969ರಲ್ಲಿ ಪೊವೆಲ್ ಲಾಟನ್ ಮತ್ತು ಎಲೈನ್ ಬ್ರೋಡಿ ಕೊಟ್ಟ ಇನ್ನೊಂದು ಪಟ್ಟಿಯಲ್ಲಿ ಎಂಟು: ಫೋನ್ ಬಳಸುವುದು, ಸಾಮಾನು ತರುವುದು, ಅಡುಗೆ, ಮನೆ ಕೆಲಸ, ಬಟ್ಟೆ ಒಗೆಯುವುದು, ಓಡಾಟ, ಔಷಧಿ, ಹಣಕಾಸು.

ಒಂದು ಹಾಳೆ ತೆಗೆದುಕೊಂಡು ಹದಿನಾಲ್ಕನ್ನೂ ಬರೆಯಿರಿ. ಪ್ರತಿಯೊಂದರ ಮುಂದೆ "ನಾನೇ ಮಾಡುತ್ತೇನೆ", "ಕಷ್ಟಪಟ್ಟು ಮಾಡುತ್ತೇನೆ", "ಆಗುವುದಿಲ್ಲ" ಅಂತ ಗುರುತು ಹಾಕಿ. ತೊಂದರೆ ಎಂಟರ ಪಟ್ಟಿಯಲ್ಲಿ ಮಾತ್ರ ಇದ್ದರೆ ಮನೆಗೊಬ್ಬರು ಜೊತೆ ಸಿಕ್ಕರೆ ಸಾಕಾಗಬಹುದು. ಆರರ ಪಟ್ಟಿಯಲ್ಲಿ ಒಂದೆರಡಕ್ಕೆ "ಆಗುವುದಿಲ್ಲ" ಅಂತ ಬಂದರೆ ನಿಮಗೆ ಬೇಕಾದದ್ದು ತರಬೇತಿ ಇರುವ ಆರೈಕೆದಾರರು. ಜೊತೆಗಾರರು ಆಮೇಲಿನ ಮಾತು. "ಕಷ್ಟಪಟ್ಟು ಮಾಡುತ್ತೇನೆ" ಅಂದ ಕೆಲಸಗಳ ಮೇಲೆ ನಿಜವಾದ ಗಮನ ಇಡಿ. ಅವನ್ನು ಬೇರೆಯವರಿಗೆ ಕೊಟ್ಟುಬಿಟ್ಟರೆ ಕೈ ತಪ್ಪಿಹೋಗುತ್ತವೆ. ಬಳಸದ ಮಾಂಸಖಂಡ ಸೊರಗುತ್ತದೆ, ವಯಸ್ಸಾದ ಮೇಲೆ ಇನ್ನೂ ಬೇಗ ಸೊರಗುತ್ತದೆ. ನಮ್ಮ ಚಿಕ್ಕಮ್ಮ ಆ ನಾಲ್ಕು ತಿಂಗಳಲ್ಲಿ ಬಟ್ಟೆ ಒಣಹಾಕುವುದನ್ನು, ಮೆಟ್ಟಿಲಿಳಿದು ಸಾಮಾನು ತರುವುದನ್ನು ಬಿಟ್ಟರು. ಮತ್ತೆ ಶುರು ಮಾಡಲು ಒಂದು ವರ್ಷ ಹಿಡಿಯಿತು.

ಒಬ್ಬರೇ ಇರುವುದು ತಪ್ಪೇನಲ್ಲ

ಇದನ್ನೂ ಒಂದು ಆಯ್ಕೆಯಾಗಿ ತೂಗಲೇಬೇಕು. ಒಂಟಿಯಾಗಿ ಇರುವುದು ಬೇರೆ, ಒಂಟಿತನ ಬೇರೆ. ಸ್ನೇಹಿತರು ಬಂದುಹೋಗುವ, ದಿನಾ ಹೊರಗೆ ಹೋಗಿಬರುವ ಅಭ್ಯಾಸವಿರುವ ಎಷ್ಟೋ ಜನ ಒಬ್ಬರೇ ನೆಮ್ಮದಿಯಾಗಿರುತ್ತಾರೆ. ಮನೆ ತುಂಬ ಜನ ಇದ್ದೂ ಮಾತಿಗೆ ಯಾರೂ ಇಲ್ಲದವರೂ ಇದ್ದಾರೆ.

ಒಬ್ಬರೇ ಇದ್ದಾಗಿನ ದೊಡ್ಡ ಅಪಾಯ ಬೀಳುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಬಿದ್ದು ಸಾಯುವವರು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000. ಹೆಚ್ಚು ಸಾವು 60 ದಾಟಿದವರಲ್ಲಿ. ಜೊತೆಗೆ ಒಬ್ಬರಿದ್ದರೆ ಬೀಳುವುದು ತಪ್ಪುತ್ತದೆಯೇ? ಅಷ್ಟೇನೂ ಇಲ್ಲ. ಅವರು ಪಕ್ಕದ ಕೋಣೆಯಲ್ಲಿ ಇರುವಾಗಲೂ ನೀವು ಬೀಳಬಹುದು. ತಪ್ಪುವುದು ಬಿದ್ದ ಮೇಲಿನ ಕಾಯುವಿಕೆ. ಒಂದು ಗಂಟೆಗಿಂತ ಜಾಸ್ತಿ ಹೊತ್ತು ನೆಲದ ಮೇಲೆ ಬಿದ್ದಿದ್ದರೆ ಮೈ ತಣ್ಣಗಾಗಬಹುದು, ನೀರಿನಂಶ ಕಡಿಮೆಯಾಗಬಹುದು, ಒತ್ತಿದ ಜಾಗದಲ್ಲಿ ಹುಣ್ಣಾಗಬಹುದು. ನಜ್ಜಿದ ಮಾಂಸಖಂಡದ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಕೊರಳಿಗೋ ಮಣಿಕಟ್ಟಿಗೋ ಹಾಕಿಕೊಳ್ಳುವ ತುರ್ತು ಗುಂಡಿ ಈ ಕೆಲಸವನ್ನು ಒಂದು ಮಟ್ಟಿಗೆ ಮಾಡುತ್ತದೆ, ಬಚ್ಚಲಿಗೆ ಹೋಗುವಾಗ ಬಿಚ್ಚಿಡದಿದ್ದರೆ. ಬೀಳುವುದನ್ನೇ ತಡೆಯಬೇಕಾದರೆ ಕಾಲಿನ ಬಲ ಮತ್ತು ಸಮತೋಲನದ ವ್ಯಾಯಾಮ, ಹಿಡಿದುಕೊಳ್ಳಲು ಗೋಡೆಗೆ ಕಂಬಿ, ಜಾರದ ನೆಲ, ಒಳ್ಳೆ ಬೆಳಕು ಬೇಕು. ತಲೆ ಸುತ್ತಿಸುವ ಔಷಧಿ ಇದ್ದರೆ ವೈದ್ಯರ ಹತ್ತಿರ ಮಾತಾಡಬೇಕು. ಇವನ್ನು ಮಾಡದೆ ಸುಮ್ನೆ ಒಬ್ಬರನ್ನು ಮನೆಗೆ ತಂದು ಕೂರಿಸಿದರೆ ಪ್ರಯೋಜನ ಕಡಿಮೆ.

ಓರಗೆಯವರು ಜೊತೆಗಿದ್ದರೆ

ಹಳೆಯ ಸ್ನೇಹಿತರು, ಒಟ್ಟಿಗೆ ಕೆಲಸ ಮಾಡಿದವರು, ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ ತಂಗಿ, ಅಣ್ಣ. ಇಲ್ಲಿನ ದೊಡ್ಡ ಲಾಭ ಸಮಾನತೆ. ಯಾರೂ ಯಾರನ್ನೂ ನೋಡಿಕೊಳ್ಳುತ್ತಿಲ್ಲ, ಇಬ್ಬರೂ ಬದುಕು ಹಂಚಿಕೊಳ್ಳುತ್ತಿದ್ದಾರೆ. ಖರ್ಚು ಅರ್ಧವಾಗುತ್ತದೆ. ನಿದ್ದೆಯ ಹೊತ್ತು ಹೊಂದುತ್ತದೆ. ವಯಸ್ಸಾದಂತೆ ಬೇಗ ನಿದ್ದೆ ಬಂದು ಬೇಗ ಎಚ್ಚರವಾಗುವುದು ಸಾಮಾನ್ಯ ಅಲ್ವಾ. ಒಬ್ಬರಿಗೆ ಮಂಡಿ ನೋವು, ಇನ್ನೊಬ್ಬರಿಗೆ ಕಣ್ಣು ಮಂಜು ಅಂದರೆ ಕೆಲಸ ತಾನಾಗಿ ಹಂಚಿಹೋಗುತ್ತದೆ. ಓದಿ ಹೇಳುವವರು ಒಬ್ಬರು, ನಡೆದುಹೋಗಿ ತರುವವರು ಒಬ್ಬರು.

ಕಷ್ಟ ಎಲ್ಲಿ? ಇಬ್ಬರೂ ಒಟ್ಟಿಗೇ ವಯಸ್ಸಾಗುತ್ತಾರೆ. ಒಂದು ದಿನ ಒಬ್ಬರಿಗೆ ಮೊದಲು ಆರೈಕೆ ಬೇಕಾಗುತ್ತದೆ. ಇನ್ನೊಬ್ಬರಿಗೆ ಎತ್ತುವ ಶಕ್ತಿ ಇರುವುದಿಲ್ಲ, ಬಿಟ್ಟುಹೋಗುವ ಮನಸ್ಸೂ ಇರುವುದಿಲ್ಲ. ಮನೆ ಒಬ್ಬರ ಹೆಸರಲ್ಲಿದ್ದು ಅವರು ತೀರಿಕೊಂಡರೆ ಇನ್ನೊಬ್ಬರು ಎಲ್ಲಿಗೆ ಹೋಗಬೇಕು? ಸ್ನೇಹಿತರ ನಡುವೆ ಈ ಮಾತು ಎತ್ತಲು ದಾಕ್ಷಿಣ್ಯ. ಆದರೆ ಅತಿ ಹೆಚ್ಚು ಬರೆದಿಡಬೇಕಾದ ಏರ್ಪಾಡು ಇದೇ.

ನನ್ನ ಅನುಭವದಿಂದ ಒಂದು ಮಾತು. ಹತ್ತು ವರ್ಷ ಆಚೆ ಈಚೆ ಚಿಕ್ಕವರಾದ ಓರಗೆಯವರು ಸಿಕ್ಕರೆ ತುಂಬ ಒಳ್ಳೆಯದು. ಚಿಕ್ಕಮ್ಮನ ಜೊತೆ ಈಗ ಇರುವವರು ಬಂದಾಗ ಅವರಿಗೆ 65. ಕೆಲಸದಿಂದ ಆಗಷ್ಟೇ ನಿವೃತ್ತರಾಗಿದ್ದರು. ಅವರಿಗೂ ಮನೆಯ ಅಗತ್ಯವಿತ್ತು, ಚಿಕ್ಕಮ್ಮನಿಗೂ ಜೊತೆಯ ಅಗತ್ಯವಿತ್ತು. ಇಬ್ಬರೂ ಒಂದೇ ಸಲ ಕುಗ್ಗುವ ಭಯ ಇಲ್ಲಿ ಕಡಿಮೆ.

ಎಳೆಯರು ಜೊತೆಗಿದ್ದರೆ

ಕೋಣೆ ಕೊಟ್ಟು, ಬಾಡಿಗೆಗೆ ಬದಲಾಗಿ ಅಥವಾ ಬಾಡಿಗೆ ಇಳಿಸಿ, ಸ್ವಲ್ಪ ಸಹಾಯ ಪಡೆಯುವುದು ಎಷ್ಟೋ ದೇಶಗಳಲ್ಲಿ ನಡೆದುಬಂದ ಏರ್ಪಾಡು. ಅಮೆರಿಕದಲ್ಲಿ 1970ರಲ್ಲಿ ಹಿರಿಯರ ಹಕ್ಕಿಗಾಗಿ ಗ್ರೇ ಪ್ಯಾಂಥರ್ಸ್ ಚಳವಳಿ ಕಟ್ಟಿದ ಮ್ಯಾಗಿ ಕೂನ್ ತಮ್ಮ ಸ್ವಂತ ಮನೆಯನ್ನೇ ಕಿರಿಯರ ಜೊತೆ ಹಂಚಿಕೊಂಡಿದ್ದರು. ಹಿರಿಯರು ಹಿರಿಯರ ನಡುವೆ ಮಾತ್ರ ಇರಬೇಕು ಅನ್ನುವುದನ್ನು ಅವರು ಒಪ್ಪಲಿಲ್ಲ.

ಈ ಏರ್ಪಾಡು ನಿಂತಿರುವುದೇ ಲೆಕ್ಕದ ಮೇಲೆ. ಜರ್ಮನಿಯ ಹಲವು ಊರುಗಳಲ್ಲಿ ವಿದ್ಯಾರ್ಥಿಗಳಿಗೆ ಒಂದು ಸರಳ ನಿಯಮವಿದೆ: ಕೋಣೆ ಎಷ್ಟು ಚದರ ಮೀಟರೋ ತಿಂಗಳಿಗೆ ಅಷ್ಟು ಗಂಟೆ ಕೆಲಸ. 15 ಚದರ ಮೀಟರ್ ಕೋಣೆಗೆ ತಿಂಗಳಿಗೆ 15 ಗಂಟೆ. ನೀರು, ಕರೆಂಟಿನ ಖರ್ಚು ಬೇರೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ವಾರಕ್ಕೆ ಸುಮಾರು 10 ಗಂಟೆ ಅಂತ ಮಾತಾಗುತ್ತದೆ. ಎರಡೂ ಕಡೆ ಮೈಯ ಆರೈಕೆ ಲೆಕ್ಕದಿಂದ ಹೊರಗೆ. ಫ್ರಾನ್ಸಿನಲ್ಲಿ 2018ರ ಒಂದು ಕಾನೂನು 60 ದಾಟಿದವರು 30 ತುಂಬದವರಿಗೆ ಕೋಣೆ ಕೊಡುವ ಒಪ್ಪಂದಕ್ಕೆ ಪ್ರತ್ಯೇಕ ರೂಪ ಕೊಟ್ಟಿತು. ಯಾರಿಗೆ ಬೇಡವಾದರೂ ಒಂದು ತಿಂಗಳ ಮುಂಚೆ ತಿಳಿಸಿ ಬಿಡಬಹುದು. ನೆದರ್ಲೆಂಡ್ಸ್‌ನ ಡೆವೆಂಟರ್ ಊರಿನ ಒಂದು ವೃದ್ಧರ ಮನೆಯಲ್ಲಿ ವಿದ್ಯಾರ್ಥಿಗಳು ಬಾಡಿಗೆ ಕೊಡದೆ ಇರುತ್ತಾರೆ. ತಿಂಗಳಿಗೆ 30 ಗಂಟೆ ಒಳ್ಳೆ ನೆರೆಯವರಾಗಿ ಹಿರಿಯರ ಜೊತೆ ಕಳೆಯಬೇಕು, ಅಷ್ಟೇ.

ಗಂಟೆಯ ಲೆಕ್ಕ ಕೇಳಿದರೆ ಮನಸ್ಸಿಗೆ ಒರಟು ಅನ್ನಿಸಬಹುದು. ನಮಗೂ ಹಾಗೇ ಅನ್ನಿಸಿತ್ತು. ಮೊದಲು ಬಂದ ಹುಡುಗಿಗೆ "ಮನೆಮಗಳ ಹಾಗೆ ಇದ್ದುಬಿಡು, ಒಂದಿಷ್ಟು ನೋಡಿಕೋ" ಅಂದೆವು. ಆ ಒಂದಿಷ್ಟಕ್ಕೆ ಕೊನೆ ಇರಲಿಲ್ಲ. ಮೊದಲು ಸಾಮಾನು, ಆಮೇಲೆ ಬಟ್ಟೆ, ಆಮೇಲೆ ಆಸ್ಪತ್ರೆ, ಆಮೇಲೆ ರಾತ್ರಿ ಒಂಬತ್ತರೊಳಗೆ ಬಾ. ಅವಳಿಗೆ ಪರೀಕ್ಷೆ ಹತ್ತಿರ ಬಂದಿತ್ತು. ಬೇಡ ಅನ್ನಲು ಅವಳಿಗೆ ಬಾಯಿ ಬರಲಿಲ್ಲ, ಅವಳಿಗೆ ಕಷ್ಟ ಅಂತ ನಮಗೆ ತಿಳಿಯಲೇ ಇಲ್ಲ. ಅವಳು ಹೋದ ಮೇಲೆ ಚಿಕ್ಕಮ್ಮ ತಿಂಗಳುಗಟ್ಟಲೆ ಕೊರಗಿದರು, ತಾನೇ ಅವಳನ್ನು ಓಡಿಸಿದೆ ಅಂತ. ಗಂಟೆ ಗೊತ್ತಿದ್ದರೆ ಅದರಾಚೆ ಅವಳು ಮಾಡಿದ್ದೆಲ್ಲ ಪ್ರೀತಿಯಿಂದ ಮಾಡಿದ್ದಾಗುತ್ತಿತ್ತು. ಗಂಟೆ ಗೊತ್ತಿರದೆ ಪ್ರತಿಯೊಂದೂ ಹಂಗಾಯಿತು, ಅವಳಿಗೂ ಚಿಕ್ಕಮ್ಮನಿಗೂ.

ಎಳೆಯರ ಜೊತೆ ಇರುವುದರಲ್ಲಿ ಖುಷಿ ಜಾಸ್ತಿ. ಮನೆಗೆ ಹೊಸ ಮಾತು ಬರುತ್ತದೆ, ಫೋನು ಕಂಪ್ಯೂಟರಿನ ಗೋಜಲು ಬಿಡಿಸುತ್ತಾರೆ. ಆದರೆ ಅವರು ಹೋಗುವವರು. ಓದು ಮುಗಿದರೆ, ಕೆಲಸ ಸಿಕ್ಕರೆ, ಮದುವೆಯಾದರೆ ಹೋಗುತ್ತಾರೆ. ಒಂದೆರಡು ವರ್ಷಕ್ಕೊಮ್ಮೆ ಹೊಸಬರನ್ನು ಒಗ್ಗಿಸಿಕೊಳ್ಳುವ ಮನಸ್ಸಿಲ್ಲದವರಿಗೆ ಇದು ಹಿಡಿಸುವುದಿಲ್ಲ. ಮರೆವು ಶುರುವಾಗಿರುವವರಿಗಂತೂ ಮನೆಯಲ್ಲಿ ಪದೇ ಪದೇ ಹೊಸ ಮುಖ ಕಂಡರೆ ಗಾಬರಿಯಾಗಬಹುದು.

ಬಾಡಿಗೆದಾರರು, ಮನೆಯಲ್ಲೇ ಇರುವ ಸಹಾಯಕರು

ಪೂರ್ತಿ ಬಾಡಿಗೆ ಕೊಡುವವರಿಂದ ಬರುವುದು ಹಣ ಮತ್ತು ಮನೆಯಲ್ಲಿ ಹೆಜ್ಜೆ ಸಪ್ಪಳ. ಅಷ್ಟಕ್ಕೇ ತೃಪ್ತಿ ಇದ್ದರೆ ಇದು ಅತ್ಯಂತ ಸರಳ. ಸಹಾಯ ನಿರೀಕ್ಷಿಸಬೇಡಿ.

ಸಂಬಳ ಕೊಟ್ಟು ಮನೆಯಲ್ಲೇ ಇರಿಸಿಕೊಳ್ಳುವವರು ಜೊತೆಗಾರರಲ್ಲ, ಕೆಲಸ ಮಾಡುವವರು. ಅವರಿಗೆ ಕೆಲಸದ ಹೊತ್ತು, ವಾರದ ರಜೆ, ಬಾಗಿಲು ಹಾಕಿಕೊಳ್ಳಬಹುದಾದ ಸ್ವಂತ ಕೋಣೆ, ರಾತ್ರಿ ಮುರಿಯದ ನಿದ್ದೆ ಬೇಕು. ರಾತ್ರಿ ಮೂರು ಸಲ ಎಬ್ಬಿಸುವ ಹಾಗಿದ್ದರೆ ಒಬ್ಬರಿಂದ ಆಗದು. ಆರರ ಪಟ್ಟಿಯಲ್ಲಿ ತೊಂದರೆ ಇರುವವರಿಗೆ ಈ ದಾರಿಯೇ ಸರಿ. "ನಮ್ಮ ಮನೆಯವರ ಹಾಗೆ" ಅಂತ ಹೇಳಿ ರಜೆ ತಪ್ಪಿಸುವುದು ಮಾತ್ರ ಯಾವತ್ತೂ ನ್ಯಾಯವಲ್ಲ.

ಮಕ್ಕಳ ಮನೆ, ಇಲ್ಲವೇ ಅಕ್ಕಪಕ್ಕದ ಮನೆಗಳು

ಮಕ್ಕಳ ಜೊತೆ ಇರುವುದು ಎಷ್ಟೋ ಜನರಿಗೆ ಎಲ್ಲಕ್ಕಿಂತ ಹಿತ. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಆ ಮನೆಯಲ್ಲಿ ನಿಮ್ಮ ಮಾತಿನಿಂದ ತೀರ್ಮಾನವಾಗುವ ಸಂಗತಿಗಳು ಯಾವುವು? ಯಾವಾಗ ಏಳಬೇಕು, ಯಾರನ್ನು ಮನೆಗೆ ಕರೆಯಬೇಕು, ನಿಮ್ಮ ಹಣ ಯಾವುದಕ್ಕೆ ಖರ್ಚಾಗಬೇಕು. ಇವು ನಿಮ್ಮ ಕೈಯಲ್ಲಿದ್ದರೆ ಹೋಗಿ. ಇಲ್ಲವಾದರೆ ಅವರ ಮನೆಯ ಹತ್ತಿರವೇ ಬೇರೆ ಮನೆ ಮಾಡುವುದು ಎರಡೂ ಕಡೆಗೆ ಒಳ್ಳೆಯದು.

ಇನ್ನೊಂದು ದಾರಿಯಲ್ಲಿ ಪ್ರತಿಯೊಬ್ಬರಿಗೂ ಸ್ವಂತ ಬಾಗಿಲು ಇರುತ್ತದೆ, ಜೊತೆಗೆ ಎಲ್ಲರಿಗೂ ಸೇರಿ ಒಂದು ಹಜಾರ, ಒಂದು ಅಂಗಳ. ಲಂಡನ್ನಿನಲ್ಲಿ 50 ದಾಟಿದ ಹೆಂಗಸರ ಗುಂಪೊಂದು ತಾವೇ ಯೋಜಿಸಿ ಕಟ್ಟಿಸಿಕೊಂಡ 25 ಫ್ಲ್ಯಾಟುಗಳ ನ್ಯೂ ಗ್ರೌಂಡ್‌ಗೆ 2016ರಲ್ಲಿ ವಾಸಕ್ಕೆ ಬಂದರು. ಆ ಗುಂಪು ಶುರುವಾದದ್ದು 1990ರ ದಶಕದ ಕೊನೆಯಲ್ಲಿ. ಅಂದರೆ ಇದಕ್ಕೆ ಬೇಕಾದದ್ದು ವರ್ಷಗಳ ತಾಳ್ಮೆ. 75ರಲ್ಲಿ ಶುರು ಮಾಡುವ ಕೆಲಸವಲ್ಲ, 55ರಲ್ಲೇ ಗೆಳೆಯರ ಜೊತೆ ಮಾತು ತೆಗೆಯಬೇಕು.

ದಿನನಿತ್ಯ ತಾಗುವ ಸಂಗತಿಗಳು

ಗುಣ ನಡತೆ ನೋಡಿ ಆರಿಸುತ್ತೇವೆ. ಜಗಳ ಬರುವುದು ಮಾತ್ರ ಟಿವಿ ಶಬ್ದಕ್ಕೆ.

ಇದರಲ್ಲಿ ಅರ್ಧ ಹಠವಲ್ಲ, ಮೈಯ ಸ್ವಭಾವ. ವಯಸ್ಸಾದಾಗ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸ್ವರಗಳನ್ನು. "ಸ", "ತ"ದಂಥ ಅಕ್ಷರಗಳು ಜಾರಿಹೋಗುತ್ತವೆ. ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ. ಅದಕ್ಕೆ ಶಬ್ದ ಏರಿಸುತ್ತಾರೆ. ಶ್ರವಣ ಯಂತ್ರ ಅಥವಾ ಟಿವಿಗೆ ಜೋಡಿಸುವ ಹೆಡ್‌ಫೋನ್ ಇದ್ದರೆ ಮನೆಯ ಶಾಂತಿ ಉಳಿಯುತ್ತದೆ. ಮಾತಾಡುವಾಗ ಇನ್ನೊಂದು ಕೋಣೆಯಿಂದ ಕೂಗುವ ಬದಲು ಎದುರಿಗೆ ಬಂದು ಮುಖ ಕಾಣುವ ಹಾಗೆ ಮಾತಾಡುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಿ. ಹಿರಿಯರಿಗೆ ಚಳಿ ಬೇಗ ತಾಗುತ್ತದೆ, ಕಿರಿಯರು ಕಿಟಕಿ ತೆರೆಯುತ್ತಾರೆ. ಇಪ್ಪತ್ತರ ವಯಸ್ಸಿನವರಿಗೆ ನಿದ್ದೆ ಬರುವುದೇ ತಡ, ನೀವು ಏಳುವ ಹೊತ್ತಿಗೆ ಅವರದು ಮಧ್ಯರಾತ್ರಿ.

ಬಚ್ಚಲು, ಶೌಚಾಲಯ ಒಂದೇ ಇರುವ ಮನೆಯಾದರೆ ಎರಡು ಸಲ ಯೋಚಿಸಿ. ರಾತ್ರಿ ಎರಡು ಮೂರು ಸಲ ಏಳುವವರಿಗೆ ಬಾಗಿಲು ಮುಚ್ಚಿರುವುದು ಬರೀ ಕಿರಿಕಿರಿಯಲ್ಲ, ಅವಸರದಲ್ಲಿ ಬೀಳುವುದಕ್ಕೂ ದಾರಿ. ಹೊರಗಿನಿಂದಲೂ ತೆರೆಯಬಹುದಾದ ಚಿಲಕ ಹಾಕಿಸಿ. ಒಳಗೆ ಬಿದ್ದವರ ಹತ್ತಿರ ಹೋಗಲು ಬಾಗಿಲು ಮುರಿಯುವ ಹಾಗಾಗಬಾರದು.

ಮಾತು ಪಕ್ಕಾ ಮಾಡಿಕೊಳ್ಳುವಾಗ

ಮೊದಲು ಒಂದು ತಿಂಗಳು ಇದ್ದು ನೋಡಿ. ಎರಡು ವಾರ ಎಲ್ಲರೂ ಅತಿಥಿಗಳ ಹಾಗೆ ಇರುತ್ತಾರೆ, ನಿಜವಾದ ನಡೆ ಕಾಣುವುದು ಆಮೇಲೆ. ಹಿಂದೆ ಅವರ ಜೊತೆ ಇದ್ದ ಒಬ್ಬರ ಹತ್ತಿರವಾದರೂ ಖುದ್ದಾಗಿ ಮಾತಾಡಿ.

ಕಾಗದದ ಮೇಲೆ ಏನೆಲ್ಲ ಇರಬೇಕು? ಬಾಡಿಗೆ ಎಷ್ಟು ಅಥವಾ ಗಂಟೆ ಎಷ್ಟು, ಯಾವ ಖರ್ಚು ಯಾರದು, ಯಾವ ಕೋಣೆ ಯಾರದು, ಅತಿಥಿಗಳು ಎಷ್ಟು ದಿನ ಇರಬಹುದು, ರಾತ್ರಿ ಮನೆಗೆ ಬರದಿದ್ದರೆ ತಿಳಿಸುವುದು ಹೇಗೆ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು, ಬಿಡಬೇಕಾದರೆ ಎಷ್ಟು ದಿನ ಮುಂಚೆ ಹೇಳಬೇಕು. "ಜೊತೆಗಾರರು ಮಾಡದ ಕೆಲಸಗಳು" ಅಂತಲೂ ಒಂದು ಸಾಲು ಬರೆಯಿರಿ. ಮನೆ ನಿಮ್ಮದಲ್ಲದೆ ಬಾಡಿಗೆಯದಾದರೆ ಮಾಲೀಕರ ಒಪ್ಪಿಗೆ ಬೇಕಾಗಬಹುದು. ಇನ್ನೊಬ್ಬರು ಮನೆಗೆ ಬಂದರೆ ಕೆಲವು ದೇಶಗಳಲ್ಲಿ ಸರ್ಕಾರದ ನೆರವು ಅಥವಾ ತೆರಿಗೆಯ ಲೆಕ್ಕ ಬದಲಾಗುತ್ತದೆ. ಸಹಿಗೆ ಮುಂಚೆ ವಕೀಲರಿಗೆ ಒಮ್ಮೆ ತೋರಿಸಿ.

ಹಣದ ವಿಷಯದಲ್ಲಿ ದಾಕ್ಷಿಣ್ಯ ಬೇಡವೇ ಬೇಡ. ಬ್ಯಾಂಕ್ ಕಾರ್ಡು, ಪಿನ್, ಸಹಿ ಮಾಡಿದ ಖಾಲಿ ಚೆಕ್ಕು, ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ, ಇವು ಜೊತೆಗಾರರ ಕೈಗೆ ಹೋಗಬಾರದು. ಅವರನ್ನು ನಂಬುವುದಿಲ್ಲ ಅಂತಲ್ಲ. ನಾಳೆ ಯಾರಾದರೂ ಅವರ ಮೇಲೆ ಬೆರಳು ತೋರಿಸಿದರೆ ಅವರನ್ನು ಕಾಪಾಡುವುದೂ ಇದೇ. 60 ದಾಟಿದವರಲ್ಲಿ ಸುಮಾರು ಆರರಲ್ಲಿ ಒಬ್ಬರು ಒಂದು ವರ್ಷದ ಅವಧಿಯಲ್ಲಿ ಯಾವುದೋ ಒಂದು ಬಗೆಯ ದೌರ್ಜನ್ಯ ಅನುಭವಿಸುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಣ ಕಸಿಯುವುದೂ ಅದರಲ್ಲಿ ಸೇರಿದೆ, ಮಾಡುವವರು ಸ್ವಂತ ಮನೆಯವರೂ ಆಗಿರಬಹುದು. ಅದಕ್ಕೆ ವಾರಕ್ಕೊಮ್ಮೆಯಾದರೂ ಹೊರಗಿನವರೊಬ್ಬರು ಬಂದುಹೋಗುವ ಮನೆಯಾಗಿರಲಿ ನಿಮ್ಮದು. ಜೊತೆಗೊಬ್ಬರು ಬಂದರು ಅಂತ ಮಕ್ಕಳು, ಸ್ನೇಹಿತರು ಬರುವುದು ಕಡಿಮೆಯಾದರೆ ನೀವು ಪಡೆದದ್ದಕ್ಕಿಂತ ಕಳೆದುಕೊಂಡದ್ದು ಜಾಸ್ತಿ.

ಮೂರನೆಯ ತಿಂಗಳಿಗೆ ಆ ಹದಿನಾಲ್ಕರ ಹಾಳೆಯನ್ನು ಮತ್ತೆ ತೆಗೆಯಿರಿ. "ನಾನೇ ಮಾಡುತ್ತೇನೆ" ಅನ್ನುವ ಸಾಲುಗಳು ಕಡಿಮೆಯಾಗಿದ್ದರೆ ಯಾಕೆ ಅಂತ ಕೇಳಿ. ಕಾಯಿಲೆಯಿಂದ ಕಡಿಮೆಯಾಗಿದ್ದರೆ ವೈದ್ಯರ ಹತ್ತಿರ ಹೋಗಿ. ಜೊತೆಗಿರುವವರು ಪ್ರೀತಿಯಿಂದ ಕೈಯಿಂದ ಕಸಿದುಕೊಂಡಿದ್ದರೆ ಅವರ ಹತ್ತಿರ ಮಾತಾಡಿ, ಕೆಲಸ ವಾಪಸ್ ತೆಗೆದುಕೊಳ್ಳಿ.

ಚಿಕ್ಕಮ್ಮನ ಮನೆಯಲ್ಲಿ ಆರು ತಿಂಗಳಿಗೊಮ್ಮೆ ಇಬ್ಬರೂ ಮೇಜಿನ ಹತ್ತಿರ ಕೂತು ಒಪ್ಪಂದದ ಕಾಗದ ಓದುತ್ತಾರೆ. ಕಳೆದ ಸಲ ಒಂದು ಸಾಲು ಬದಲಾಯಿತು. ಒದ್ದೆ ಬಟ್ಟೆಯ ಬಕೆಟ್ಟನ್ನು ಮಹಡಿಗೆ ಹೊರುವುದು ಇನ್ನು ಗೆಳತಿಯ ಕೆಲಸ. ಮೇಲೆ ಹೋಗಿ ಹರವುವುದು ಚಿಕ್ಕಮ್ಮನದೇ. ಹೊರುವುದಕ್ಕೆ ಬದಲಾಗಿ ತಿಂಗಳ ಖರ್ಚಿನ ಲೆಕ್ಕ ಬರೆಯುವುದನ್ನು ಚಿಕ್ಕಮ್ಮ ವಹಿಸಿಕೊಂಡರು. ಇಬ್ಬರೂ ತಾರೀಕು ಹಾಕಿ ಸಹಿ ಮಾಡಿದರು.